ಮಿಷನ್ ರಿಪೇರಿ

ನನಗಾಗ ಅರವತ್ತೊಂಬತ್ತು ವರ್ಷ. ಎರಡು ವರ್ಷದ ಹಿಂದಿನ ಮಾತು. ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಹತ್ತುವ ಜನರೆಲ್ಲ ಟಿಕೆಟ್ಟಿನಲ್ಲಿ ಬರೆದಿರುವ ಊರಿನಲ್ಲಿ ಇಳಿಯುತ್ತಾರೆ. ದೇವರು ಹೇಳಿದ ಕಡೆ ಇಳಿಯುವ ಹೆಂಗಸು ಜಿಲ್ಲೆಗೆಲ್ಲ ಒಬ್ಬಳೇ. ಅವಳು ನನ್ನ ಅತ್ತಿಗೆ! ದೇವರು ನಿಜವಾಗಿ ಹೇಳುತ್ತಿದ್ದನೋ ಇಲ್ಲವೋ ನಾನು ಸಾಕ್ಷಿ ಹೇಳಲಾರೆ. ಕಂಡಕ್ಟರ್ ಹೇಳಿರಲಿಲ್ಲ ಅನ್ನುವುದಕ್ಕೆ ಮಾತ್ರ ಬೇಕಾದರೆ ಕೋರ್ಟಿಗೂ ಬರುತ್ತೇನೆ.

ಅತ್ತಿಗೆ ಅಂದರೆ ನನ್ನ ಗಂಡನ ಅಕ್ಕ. ಮದುವೆ ಆದವಳಲ್ಲ. ನನ್ನ ಗಂಡ ಹೋದ ಮೇಲೆ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. ಒಂದೇ ಮನೆ, ಎರಡು ಒಲೆ. ಯಾಕೆ ಅನ್ನುತ್ತೀರಾ? ಅವಳು ಸಾರಿಗೆ ಉಪ್ಪು ಹಾಕುವ ಮುಂಚೆಯೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಕೇಳುವವಳು. ಮೇಲಿನಿಂದ ಉತ್ತರ ಬರುವಷ್ಟರಲ್ಲಿ ಸಾರು ತಣ್ಣಗಾಗಿರುತ್ತಿತ್ತು. ನನಗೆ ಹಸಿವು ತಡೆಯುವುದಿಲ್ಲ.

ನಲವತ್ತು ವರ್ಷ ಮಿಷನ್ ಕೆಲಸ ಮಾಡಿದವಳು ಅವಳು. ಊರೂರು ಸುತ್ತಿ ಹೆಂಗಸರಿಗೆ ಹೊಲಿಗೆ ಕಲಿಸುವುದು, ಓದು ಕಲಿಸುವುದು, ಮಧ್ಯೆ ಮಧ್ಯೆ ಯೇಸುವಿನ ಮಾತು ಹೇಳುವುದು. ವಯಸ್ಸಾಯಿತು ಅಂತ ಸಭೆಯವರು ಒಂದು ಭಾನುವಾರ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು, ರಿಟೈರ್ ಮಾಡಿದರು. ಅವಳು ಗಡಿಯಾರ ತಗೊಂಡಳು. ರಿಟೈರ್ ಮಾತ್ರ ಆಗಲಿಲ್ಲ! ಸೋಮವಾರ ಬೆಳಿಗ್ಗೆ ಎಂದಿನಂತೆ ಕೊಡೆ, ಚೀಲ, ಕರೀ ರಟ್ಟಿನ ಪುಸ್ತಕ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಳು.

ಅವಳ ಅಪ್ಪ, ಅಂದರೆ ನನ್ನ ಮಾವ, ಕುಣಿಗಲ್ಲಿನ ಕುದುರೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವರು. ಇವಳು ಲಾಯದಲ್ಲೇ ಆಡಿ ಬೆಳೆದವಳು. ಅದಕ್ಕೇ ಇವಳಿಗೆ ಲೋಕದ ಜನರೆಲ್ಲ ಕುದುರೆಗಳೇ. ಯಾರ ಹತ್ತಿರವಾದರೂ ಪಕ್ಕದಿಂದ ಹೋಗುತ್ತಾಳೆ, ಹಿಂದಿನಿಂದ ಹೋಗುವುದಿಲ್ಲ. ಹೋದವಳೇ ಕತ್ತಿನ ಮೇಲೆ ಎರಡು ಸಲ ತಟ್ಟುತ್ತಾಳೆ, ಹಲ್ಲು ನೋಡುತ್ತಾಳೆ. ನಮ್ಮ ಸಭೆಗೆ ಹೊಸದಾಗಿ ಬಂದ ಪಾದ್ರಿ ಅಯ್ಯನವರು ಚಿಕ್ಕ ವಯಸ್ಸಿನವರು. ಮೊದಲನೇ ದಿನವೇ ಅವರ ಕತ್ತು ತಟ್ಟಿ, "ಒಳ್ಳೇ ತಳಿ. ಇನ್ನೊಂಚೂರು ಪಳಗಬೇಕು" ಅಂದುಬಿಟ್ಟಳು. ಪಾಪ, ಅವರು ಆಮೆನ್ ಅಂದರು. ಇನ್ನೇನು ಅಂದಾರು?

"ಕುದುರೆಗೆ ಯಾರಾದ್ರೂ ಕಾರಣ ಹೇಳ್ತಾರೇನೇ? ಲಗಾಮು ಎಳೆದ ಕಡೆ ತಿರುಗ್ತದೆ. ನಾನೂ ಅಷ್ಟೇಯ. ವಿಧೇಯತೆ ಅಂದ್ರೆ ಅದೇ" ಅನ್ನುತ್ತಿದ್ದಳು.

"ಕುದುರೆ ಒದೆಯೋದೂ ಉಂಟಲ್ಲ ಅತ್ತಿಗೆ?"

"ಅದು ನೀನು!"

ನಿಜ ಹೇಳುತ್ತೇನೆ, ನನಗೆ ದೇವರು ಇದುವರೆಗೆ ಒಂದು ಮಾತೂ ಹೇಳಿಲ್ಲ. ನಾನು ಸಭೆಯ ಗುಡಿಯಲ್ಲಿ ಕಸ ಗುಡಿಸುವವಳು. ಗುಡಿಸುವಾಗ ಕಾಲೆತ್ತು ಅಂತ ನಾನೇ ಅವನಿಗೆ ಹೇಳಿರಬಹುದು. ನನಗೆ ನಾಲ್ಕಕ್ಷರ ಬಂದದ್ದೂ ಈ ಅತ್ತಿಗೆಯಿಂದಲೇ. ಐವತ್ತು ದಾಟಿದ ಮೇಲೆ, ಸ್ಲೇಟಿನಲ್ಲಲ್ಲ, ಬಸ್ಸಿನ ಬೋರ್ಡಿನಲ್ಲಿ! ಕೋರ ಅನ್ನುವುದು ಸುಲಭ, ಎರಡೇ ಅಕ್ಷರ. ಹೆಬ್ಬೂರು ಕಲಿಯಲು ಒಂದು ತಿಂಗಳು ಹಿಡಿಯಿತು. ಸತ್ಯಮಂಗಲ ಈಗಲೂ ಅರ್ಧ ಓದುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ.

ಹೆಂಗಸರಿಗೆ ಬಸ್ಸು ಫ್ರೀ ಆಯಿತಲ್ಲ, ಅವತ್ತು ನೋಡಬೇಕಿತ್ತು ಅವಳ ಸಂಭ್ರಮ! ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ಟಿಕೆಟ್ ಹರಿದು ಕೊಟ್ಟ. ಅವಳು ಅದನ್ನು ಎತ್ತಿ ಹಿಡಿದು ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದಳು: "ಇದೇ ಕಣ್ರೀ ಕೃಪೆ! ನಲವತ್ತು ವರ್ಷ ಬಾಯಿ ನೋಯೋ ಹಂಗೆ ಹೇಳಿದೆ, ಯಾರ್ಗೂ ತಿಳೀಲಿಲ್ಲ. ಈಗ ನೋಡಿ, ಅಚ್ಚು ಹಾಕ್ಸಿ ಕೈಗೇ ಕೊಡ್ತಾವ್ರೆ! ನೀವು ಏನೂ ಕೊಡಂಗಿಲ್ಲ. ಕೈ ಚಾಚಿ ಈಸ್ಕೊಂಡು ಕೂತ್ಕೊಂಡ್ರಾಯ್ತು, ಅದು ನಂಬಿಕೆ. ಊರು ಬಂದಾಗ ಇಳಿಯೋದು ವಿಧೇಯತೆ."

ಹಿಂದಿನ ಸೀಟಿನಿಂದ ಒಬ್ಬ ಗಂಡಸು, "ಹಂಗಾದ್ರೆ ಗಂಡಸ್ರಿಗೆ ಕೃಪೆ ಇಲ್ವಾ ಅಜ್ಜಿ?" ಅಂದ.

"ನೀನು ಟಿಕೆಟ್ ತಗೊಂಡೇ ಸ್ವರ್ಗಕ್ಕೆ ಬಾ ಬುಡು!"

ಈ ಮಾತು ಹೇಗೋ ಪಾದ್ರಿ ಅಯ್ಯನವರ ಕಿವಿಗೆ ಬಿತ್ತು. ಅದು ತಪ್ಪು ಬೋಧನೆ ಅಂತ ತಿದ್ದಲು ಮನೆಗೆ ಬಂದರು. ಅವಳು ಕತ್ತು ತಟ್ಟಿ ಕಾಫಿ ಕೊಟ್ಟು ಕಳಿಸಿದಳು.

ಸೊನ್ನೆ ಟಿಕೆಟ್ ಬಂದ ಮೇಲೆ ಕೇಳಬೇಕೇ? ಎಲ್ಲಿ ಬೇಕಾದರೂ ಇಳಿಯುವಳು! ಒಂದು ದಿನ ಕೋರ ಇನ್ನೂ ಬಂದಿರಲಿಲ್ಲ, ಹೈವೇ ಮಧ್ಯೆ "ಹೋಲ್ಡಾನ್!" ಅಂದು ಇಳಿದಳು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲವಂತೆ, ಒಂದು ಎಮ್ಮೆ ಇತ್ತಂತೆ. ಸಂಜೆ ಬಂದವಳನ್ನು, "ಏನತ್ತಿಗೆ, ಎಮ್ಮೆಗೆ ಉಪದೇಶ ಮಾಡಿದ್ಯಾ?" ಅಂತ ರೇಗಿಸಿದೆ.

"ಇಲ್ಲ ಕಣೇ. ಅದು ಲಾರಿಗೆ ಅಡ್ಡ ಹೋಗ್ತಿತ್ತು. ಹಗ್ಗ ಹಿಡ್ಕೊಂಡು ಕೂತಿದ್ದೆ. ಅದ್ರ ಯಜಮಾನ ಮೂರು ಗಂಟೆಗೆ ಬಂದ, ಕೊಟ್ಟು ಬಂದೆ. ಇವತ್ತಿದ್ದಿದ್ದು ಅಷ್ಟೇ ಕೆಲಸ."

ಇನ್ನೊಂದು ದಿನ ಸತ್ಯಮಂಗಲದಲ್ಲಿ ಇಳಿದಳು. ಅಲ್ಲಿ ಎಲ್ಲಾ ಕಾರ್ಖಾನೆಗಳೇ. ಒಂದು ಗೇಟಿನ ಕಾವಲುಗಾರ ತಡೆದು, ಯಾರು ನೀವು ಅಂದ. "ನಾನು ಮಿಷನ್ ಕೆಲಸದೋಳು" ಅಂದಳು ಇವಳು. ನಮ್ಮ ಕಡೆ ಎಲ್ಲ ಯಂತ್ರಕ್ಕೂ ಮಿಷನ್ ಅಂತಲೇ ಅಲ್ಲವೇ ಅನ್ನುವುದು? ಹೊಲಿಗೆ ಮಿಷನ್ನು, ರಾಗಿ ಬೀಸೋ ಮಿಷನ್ನು. ಅವನು ಅವಳ ಬಿಳಿ ಕೂದಲು ನೋಡಿದ, ಕೊಡೆ ನೋಡಿದ.

"ಯಾವ ಮಿಷನ್ ಓಡಿಸ್ತೀರಜ್ಜಿ?"

"ನಾನು ಓಡ್ಸಕ್ಕಾಯ್ತದಾ? ಅವನು ಓಡಿಸ್ತಾನೆ. ನಾನು ಕೆಟ್ಟಿರೋದ್ರ ಹತ್ರ ಹೋಗ್ತೀನಿ ಅಷ್ಟೇಯ."

"ಓ, ರಿಪೇರಿಯೋರಾ! ಮುಂಚೇನೇ ಹೇಳಬಾರದಾ?" ಅಂತ ಗೇಟು ತೆಗೆದು ಒಳಗೆ ಕಳಿಸಿದ! ಒಳಗೆ ಅವಳನ್ನು ನಿಂತುಹೋದ ಒಂದು ಪ್ಯಾಕಿಂಗ್ ಮಿಷನ್ನಿನ ಮುಂದೆ ನಿಲ್ಲಿಸಿದರಂತೆ. ಇವಳು ಅದರ ಪಕ್ಕದಿಂದ ಹೋಗಿ, ಎರಡು ಸಲ ತಟ್ಟಿದಳಂತೆ. ಮಿಷನ್ನು ಓಡಲು ಶುರುವಾಯಿತಂತೆ! ಊಟ ಹಾಕಿ ಕಳಿಸಿದರು. ನಂಬುವುದು ಬಿಡುವುದು ನಿಮ್ಮಿಷ್ಟ. ನಾನು ನಂಬಿಲ್ಲ, ಆದರೆ ಅವರು ಕೊಟ್ಟ ಮೈಸೂರುಪಾಕು ತಿಂದಿದ್ದೇನೆ.

ಹೀಗೇ ನಡೆಯುತ್ತಿರುವಾಗ ಒಂದು ಭಾನುವಾರ ಪಾದ್ರಿ ಅಯ್ಯನವರು ಪ್ರಸಂಗ ಮಾಡಿದರು. ದೇವರು ಒಂದೇ ಒಂದು ಗುಬ್ಬಿಯನ್ನೂ ಮರೆಯುವುದಿಲ್ಲ ಅಂತ. ಅಂದರೆ ಹಕ್ಕಿ, ಗುಬ್ಬಚ್ಚಿ. ಪ್ರಸಂಗ ಮುಗಿಯುವ ಮುಂಚೆಯೇ ಅತ್ತಿಗೆ ನನ್ನ ಪಕ್ಕೆಗೆ ತಿವಿದಳು.

"ಕೇಳಿಸ್ತಾ? ಗುಬ್ಬಿ ಅಂತೆ. ಬುಧವಾರ ಹೋಗೋಣ."

"ಎಲ್ಲಿಗೆ?"

"ಗುಬ್ಬಿಗೆ!"

"ಅತ್ತಿಗೆ, ಅದು ಹಕ್ಕಿ ಕಣೇ! ಊರಲ್ಲ!"

"ಹಕ್ಕಿ ಆದ್ರೇನು, ಊರಾದ್ರೇನು, ಲಗಾಮು ಎಳೆದಾಯ್ತು."

ನಗು ಬರುತ್ತದೆ ಅಲ್ಲವೇ? ನನಗೆ ಬರಲಿಲ್ಲ. ಗುಬ್ಬಿಯಲ್ಲಿ ನನ್ನ ತಂಗಿ ಇದ್ದಳು.

ಅದನ್ನೂ ಹೇಳಿಬಿಡುತ್ತೇನೆ. ನನ್ನ ತವರು ಹೆಬ್ಬೂರು. ನಾನು ಇವರ ಮನೆ ಸೇರಿ ಶಿಲುಬೆಯ ಗುಡಿಗೆ ಹೋಗತೊಡಗಿದ್ದು ನಮ್ಮವರಿಗೆ ಹಿಡಿಸಲಿಲ್ಲ. ಮದುವೆಗೆ ಒಬ್ಬರೂ ಬರಲಿಲ್ಲ. ಅಮ್ಮ ಮಾತ್ರ ಆಮೇಲೆ ಮೆತ್ತಗಾದಳು. ಕೊನೆಗಾಲದಲ್ಲಿ ಗುಬ್ಬಿಯಲ್ಲಿ ತಂಗಿಯ ಮನೆಯಲ್ಲೇ ಇದ್ದು, ಅಲ್ಲೇ ಹೋದಳು. ತಿಥಿಯ ದಿನ ಎಲ್ಲರಿಗೂ ಒಳಗೆ ಎಲೆ ಹಾಕಿದರು, ನನಗೆ ಹೊರಗೆ ಜಗಲಿಯ ಮೇಲೆ ಹಾಕಿದರು. ಹಾಕಿದವಳು ನನ್ನ ತಂಗಿ. ನಾನು ಆ ಎಲೆಯನ್ನು ಬೀದಿಗೆ ಎಸೆದೆ. ಕೈಯಲ್ಲಲ್ಲ, ಕಾಲಲ್ಲಿ. ಅಮ್ಮನ ಹೆಸರಿನ ಅನ್ನ. "ಇನ್ನು ಈ ಹೊಸ್ತಿಲು ತುಳಿದ್ರೆ ನನ್ನ ಹೆಸರು ಬದಲಾಯಿಸು" ಅಂದು ಬಂದೆ. ಅವಳೂ ಕರೆಯಲಿಲ್ಲ, ನಾನೂ ಹೋಗಲಿಲ್ಲ. ಇಪ್ಪತ್ತೊಂದು ವರ್ಷ. ಇಬ್ಬರಿಗೂ ವಯಸ್ಸಾಗುತ್ತಿತ್ತು, ಒಬ್ಬರು ಮೊದಲು ಹೋದರೆ ಇನ್ನೊಬ್ಬರಿಗೆ ಫೋನು ಬರುತ್ತದೆ, ಅಷ್ಟೇ ಉಳಿದಿತ್ತು.

ಆದರೂ ಆ ಬುಧವಾರ ಅತ್ತಿಗೆಯ ಜೊತೆ ಹೊರಟೆ. ಎಪ್ಪತ್ತೆಂಟರ ಮುದುಕಿಯನ್ನು ಒಬ್ಬಳನ್ನೇ ಕಳಿಸುವುದು ಹೇಗೆ? ಗುಬ್ಬಿ ಬಂತು, ಅವಳು ಇಳಿದಳು. ನಾನು ಏಳಲೇ ಇಲ್ಲ! ಕಂಬಿ ಹಿಡಿದು ಕೂತೆ. ಬಸ್ಸು ಹೊರಟಿತು, ನಿಟ್ಟೂರು ದಾಟಿತು. ಕಂಡಕ್ಟರ್ ಬಂದ.

"ಅಜ್ಜಿ, ನಿಮ್ಮ ಟಿಕೆಟ್ಟು ಗುಬ್ಬಿಗಲ್ವಾ? ಈಗ ತಿಪಟೂರಿಗೆ ಹೊಂಟಿದೀರಲ್ಲ!"

"ಫ್ರೀ ತಾನೇ? ನಿನಗೇನೋ ಕಷ್ಟ?"

"ಫ್ರೀ ಆದ್ರೂ ಇಳಿಯೋ ಊರು ಅಂತ ಒಂದಿರಬೇಕಲ್ಲಜ್ಜಿ!"

ತಿಪಟೂರಿನಲ್ಲಿ ಒಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ಅವನ ಮುಖ ನೋಡದೆ ವಾಪಸ್ಸು ಬಂದೆ. ಮತ್ತೆ ಅತ್ತಿಗೆಯ ಜೊತೆ ಹೋಗಲಿಲ್ಲ.

ಅವಳು ಮಾತ್ರ ಪ್ರತಿ ಬುಧವಾರ ಹೋದಳು. ಮೊದಲನೇ ವಾರವೇ ಸುದ್ದಿ ತಂದಳು. "ಒಂದು ಮನೆ ಮುಂದೆ ನಿಂತು ಮಿಷನ್ನಿಂದ ಬಂದಿದೀನಿ ಕಣಮ್ಮ ಅಂದೆ. ಆ ಹೆಂಗಸು, ಸದ್ಯ ಈಗಲಾದ್ರೂ ಬಂದ್ರಲ್ಲ, ಹದಿನೈದು ದಿನದಿಂದ ಕಾಯ್ತಾ ಇದೀನಿ ಅಂತ ಒಳಕ್ಕೆ ಕರೆದು ಹೊಲಿಗೆ ಮಿಷನ್ ಮುಂದೆ ಕೂರಿಸಿದ್ಲು!"

"ಆಮೇಲೆ?"

"ಆಮೇಲೇನು? ನಲವತ್ತು ವರ್ಷ ಹೊಲಿಗೆ ಕಲಿಸಿದೋಳು, ಬಿಚ್ಚಿ ಎಣ್ಣೆ ಬಿಟ್ಟೆ. ಮುಂದಿನ ವಾರ ಬೆಲ್ಟ್ ನೋಡಬೇಕು."

ಮುಂದಿನ ವಾರ ಬೆಲ್ಟು. ಅದರ ಮುಂದಿನ ವಾರ ಪೆಡಲು. ಆಮೇಲೆ ಸೂಜಿ ಹಿಡಿಯುವ ಕಡ್ಡಿ. ಆಮೇಲೆ ಮತ್ತೆ ಬೆಲ್ಟು! "ಅತ್ತಿಗೆ, ಅದೇನು ಹೊಲಿಗೆ ಮಿಷನ್ನೋ, ರೈಲ್ವೆ ಇಂಜಿನ್ನೋ?" ಅಂದೆ. ಆಮೇಲೆ ತಿಳಿಯಿತು ಅವಳ ಕಿತಾಪತಿ. ಒಂದನ್ನು ಸರಿ ಮಾಡಿ, ಬರುವಾಗ ಇನ್ನೊಂದರ ಸ್ಕ್ರೂ ಸಡಿಲ ಮಾಡಿ ಬರುತ್ತಿದ್ದಳು! ಮುಂದಿನ ವಾರ ಹೋಗಲು ಕಾರಣ ಬೇಕಲ್ಲ. ದೇವರ ಕೆಲಸದವಳು ಮಾಡುವ ಕೆಲಸವೇ ಇದು?

"ಆ ಹೆಂಗಸು ಹೆಂಗವ್ಳೆ?" ಅಂತ ನಾನು ಸುಮ್ಮನೆ, ಸೊಪ್ಪು ಬಿಡಿಸುತ್ತಾ, ಕೇಳುತ್ತಿದ್ದೆ.

"ಮುಂಗೋಪಿ. ಒಂಟಿ ಜೀವ, ಬ್ಲೌಸ್ ಹೊಲಿದು ಬದುಕ್ತಾ ಅವ್ಳೆ. ಕಾಫಿಗೆ ಬೆಲ್ಲ ಹಾಕ್ತಾಳೆ, ಜೊತೆಗೊಂದು ಮೆಣಸು. ಯಾರನ್ನೋ ಇಪ್ಪತ್ತು ವರ್ಷದಿಂದ ಬೈತಾನೇ ಅವ್ಳೆ, ಬಾಯಿ ನೋಯಲ್ವೋ ಏನೋ."

ಬೆಲ್ಲದ ಕಾಫಿಗೆ ಒಂದು ಮೆಣಸು ಹಾಕುತ್ತಿದ್ದವಳು ನಮ್ಮ ಅಮ್ಮ. ಆ ಹೆಂಗಸು ಯಾರು ಅಂತ ನಿಮಗೆ ಗೊತ್ತಾಯಿತು. ನನಗೆ ಗೊತ್ತಾಗಲಿಲ್ಲ ಅಂದುಕೊಂಡಿರಾ? ಮೂರನೇ ಬುಧವಾರವೇ ಗೊತ್ತಾಯಿತು! ಆದರೆ ಗೊತ್ತಾಯಿತು ಅಂತ ತೋರಿಸಿಕೊಳ್ಳುವಷ್ಟು ದಡ್ಡಿಯಲ್ಲ ನಾನು. ಬುಧವಾರ ಸಂಜೆ ಮಾತ್ರ ಎಷ್ಟು ಸೊಪ್ಪು ಬಿಡಿಸುತ್ತಿದ್ದೆ ಅಂದರೆ, ಗುರುವಾರ ಇಡೀ ದಿನ ಇಬ್ಬರೂ ಮಸ್ಸೊಪ್ಪೇ ತಿನ್ನಬೇಕಾಗಿತ್ತು.

ಹನ್ನೊಂದು ಬುಧವಾರ ಆಯಿತು. ಅದಾದ ಸೋಮವಾರ ಗುಡಿಯ ಮೆಟ್ಟಿಲಿನ ಮೇಲೆ ಅತ್ತಿಗೆ ಜಾರಿ ಬಿದ್ದಳು. ನಾನು ಆಗಷ್ಟೇ ಒರೆಸಿದ ಮೆಟ್ಟಿಲು! ಪಾದದ ಹತ್ತಿರ ಮೂಳೆ ಬಿರುಕು. ಆಸ್ಪತ್ರೆಯಲ್ಲಿ ಅವಳು ಅಳಲಿಲ್ಲ, ಡಾಕ್ಟರ ಕತ್ತು ತಟ್ಟಿ ಕೇಳಿದಳು: "ಕುದುರೆ ಕಾಲು ಮುರಿದ್ರೆ ಗುಂಡು ಹೊಡೀತಾರೆ ಡಾಕ್ಟ್ರೇ. ನಂಗೆ ಏನು ಮಾಡ್ತೀರಿ?"

"ಪ್ಲಾಸ್ಟರ್ ಹಾಕ್ತೀನಮ್ಮ."

"ನೋಡ್ದ್ಯಾ!" ಅಂತ ನನ್ನ ಕಡೆ ತಿರುಗಿದಳು. "ಕುದುರೆಗೆ ಗುಂಡು, ನಂಗೆ ಪ್ಲಾಸ್ಟರ್ರು. ಇದನ್ನೇ ಕೃಪೆ ಅನ್ನೋದು!"

ಮಂಗಳವಾರ ಸಂಜೆ ಮಂಚದ ಮೇಲೆ ಕಾಲು ಚಾಚಿಕೊಂಡು ಕರೆದಳು. "ನಾಳೆ ಬುಧವಾರ."

"ಗೊತ್ತು. ಸುಮ್ನೆ ಮಲಕ್ಕೊ."

"ಆ ಹೆಂಗಸಿನ ಮಿಷನ್ನಿಂದು ಬಾಬಿನ್ ಕೇಸು, ಅದೇ ಕೆಳಗಿನ ದಾರದ ಡಬ್ಬಿ, ನನ್ನ ಚೀಲದಾಗೇ ಉಳ್ಕೊಂಡದೆ. ಅದಿಲ್ದೆ ಒಂದು ಹೊಲಿಗೆ ಬೀಳಲ್ಲ. ನಾಡಿದ್ದು ಮದುವೆ ಮನೆಯೋರು ಬ್ಲೌಸಿಗೆ ಬರ್ತಾರಂತೆ. ಕೊಡದೇ ಇದ್ರೆ ಇನ್ನು ಯಾರು ಬಟ್ಟೆ ಕೊಡ್ತಾರೆ ಅವಳಿಗೆ? ಹೋಗಿ ಕೊಟ್ಟು ಬಾ."

"ನಾನು ಹೋಗಲ್ಲ."

"ನೀನೇ ಬೀಳಿಸ್ದೋಳು, ನೀನೇ ಹೋಗು."

"ಕೊರಿಯರ್ ಮಾಡ್ತೀನಿ."

"ಮಾಡು. ಕವರು ಅಲ್ಲಿ ಅದೆ, ಅಡ್ರೆಸ್ ಬರಿ."

ನಾನು ಕವರು ತಗೊಂಡೆ, ಪೆನ್ನು ತಗೊಂಡೆ. ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದೆ. ಹೆಸರು, ಮನೆ ನಂಬರು, ರೈಲ್ವೆ ಸ್ಟೇಷನ್ ಕಡೆಯ ಬೀದಿ, ಗುಬ್ಬಿ. ಬರೆದು ತಲೆ ಎತ್ತಿದರೆ ಅತ್ತಿಗೆ ಹಲ್ಲಿಲ್ಲದ ಬಾಯಿ ಬಿಟ್ಟುಕೊಂಡು ನಗುತ್ತಾ ಇದ್ದಳು.

"ಯಾರ ಮನೆ ಅಂತ ನಾನಿನ್ನೂ ಹೇಳೇ ಇಲ್ವಲ್ಲೇ!"

ಸಿಕ್ಕಿಬಿದ್ದೆ! ನನಗೆ ಬಂದ ಸಿಟ್ಟಿಗೆ ಇನ್ನೊಂದು ಕಾಲನ್ನೂ ಮುರಿಯಬೇಕು ಅನ್ನಿಸಿತು. "ಎಲ್ಲಾ ಗೊತ್ತಿದ್ದೇ ಮಾಡಿದ್ಯಾ? ಗುಬ್ಬಿ, ಲಗಾಮು, ದೇವರು ಹೇಳ್ದ ಅಂತ ಸುಳ್ಳು ಬೇರೆ!"

"ಸುಳ್ಳ್ಯಾಕೆ? ನಲವತ್ತು ವರ್ಷ ಮಕ್ಕಳಿಗೆ ಗುಬ್ಬಿ ಚಿತ್ರ ಬರೆದು ಅದೇ ಪಾಠ ಹೇಳಿಕೊಟ್ಟೋಳು ನಾನು. ಹಕ್ಕಿ ಅಂತ ಗೊತ್ತಿಲ್ವಾ ನಂಗೆ? ಒಂದನ್ನೂ ಮರೆಯಲ್ಲ ಅಂದ್ರಲ್ಲ ಅಯ್ಯನವ್ರು. ನಮ್ಮನೇಲಿ ಮರೆತು ಬಿಟ್ಟಿದ್ದು ಒಂದಿತ್ತಲ್ಲ, ಅದು ನೆನಪಾಯ್ತು. ಬೀದಿ ಹೆಸರು ಹುಡುಕಬೇಕಾಗಿರಲಿಲ್ಲ. ಸಿಟ್ಟು ಬಂದಾಗೆಲ್ಲ ಆ ಬೀದಿ ಹೆಸರು ಹಿಡಿದೇ ಬೈತೀಯಲ್ಲ ನೀನು."

"ಅವಳಿಗೆ ಗೊತ್ತಾ ನೀನ್ಯಾರು ಅಂತ?"

"ಐದನೇ ವಾರ ಹೇಳಿದೆ. ಆಚೆಗೆ ಅಟ್ತಾಳೆ ಅಂದ್ಕೊಂಡಿದ್ದೆ. ಅದೆಲ್ಲ ಮೊದಲ್ನೇ ವಾರವೇ ಗೊತ್ತಾಯ್ತು, ಸುಮ್ನೆ ಬೆಲ್ಟ್ ನೋಡಿ ಅಂದ್ಲು."

ಅಕ್ಕತಂಗಿಯರು ಅಂದರೆ ಹೀಗೇ ಇರಬೇಕೇ!

ಅತ್ತಿಗೆ ತಲೆದಿಂಬಿನ ಕೆಳಗಿನಿಂದ ಒಂದು ಪೇಪರಿನ ಪೊಟ್ಟಣ ತೆಗೆದಳು. "ಹೋದ ವಾರ ಕೊಟ್ಲು. ಯಾರಿಗೆ ಅಂದೆ. ಸುಮ್ನೆ ಇಟ್ಕೊಳಿ ಅಂದ್ಲು. ನಂಗಂತೂ ಆಗಲ್ಲ."

ಬಿಚ್ಚಿದೆ. ಒಳಗೆ ಬಾಬಿನ್ ಕೇಸು, ಅದನ್ನು ಸುತ್ತಿ ಒಂದು ಬ್ಲೌಸು. ಅತ್ತಿಗೆಯ ಚೀಲದಲ್ಲಿ ಉಳಿದದ್ದಲ್ಲ, ತಂಗಿಯೇ ಬೇಕಂತ ಸುತ್ತಿ ಕಳಿಸಿದ್ದು! ಬ್ಲೌಸು ಮೆಂತ್ಯದ ಬಣ್ಣದ್ದು.

ನನ್ನ ಎಡಗಡೆಯ ಭುಜ ಬಲಗಡೆಗಿಂತ ಇಳಿದಿದೆ. ಚಿಕ್ಕಂದಿನಿಂದ ಹೆಬ್ಬೂರಿನ ಬಾವಿಯ ನೀರು ಹೊತ್ತು ಹಾಗಾದದ್ದು. ತುಮಕೂರಿನ ಯಾವ ಟೈಲರಿಗೂ ಇದು ತಿಳಿಯುವುದಿಲ್ಲ. ಎಲ್ಲರೂ ಎರಡು ಕಡೆ ಒಂದೇ ಸಮ ಹೊಲಿಯುತ್ತಾರೆ, ಎಡಗಡೆ ಜೋತು ಬೀಳುತ್ತದೆ. ಈ ಬ್ಲೌಸಿನಲ್ಲಿ ಎಡ ಭುಜದ ಒಳಗೆ ಒಂದು ಚಿಕ್ಕ ಮಡಿಕೆ ಹಿಡಿದು ಹೊಲಿದಿತ್ತು. ಹಾಗೆ ಹೊಲಿಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ.

ಒಳಗೆ ಹೋಗಿ ಹಾಕಿಕೊಂಡು ನೋಡಿದೆ. ತೋಳು ಮೊಣಕೈಯಲ್ಲೇ ಸಿಕ್ಕಿಕೊಂಡಿತು, ಎದೆಗೆ ಒಂದು ಗೇಣು ಸಾಲದು. ಸಾಲುವುದು ಹೇಗೆ? ಅದು ಇಪ್ಪತ್ತೊಂದು ವರ್ಷದ ಹಿಂದಿನ ನನ್ನ ಅಳತೆ. ಅವಳ ಹತ್ತಿರ ಉಳಿದಿದ್ದದ್ದು ಅದೇ. ಅದನ್ನು ಅವಳು ಇಟ್ಟುಕೊಂಡಿದ್ದಳು.

ನಾನು ಅಳುವವಳಲ್ಲ, ಅವತ್ತೂ ಅಳಲಿಲ್ಲ. ತೋಳು ಸಿಕ್ಕಿಕೊಂಡು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೇ. ಹೊರಗಿನಿಂದ ಅತ್ತಿಗೆ, "ಏನೇ, ಆಯ್ತದಾ?" ಅಂತ ಕೂಗಿದಳು. ನಾನು ಬ್ಲೌಸು ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಮಾರನೇ ದಿನ ಬೆಳಿಗ್ಗೆ ಮೊದಲನೇ ಬಸ್ಸು ಹತ್ತಿದೆ. ಕಂಡಕ್ಟರ್ ನೋಡಿದರೆ ಅವನೇ! "ಎಲ್ಲಿಗಜ್ಜಿ? ಗುಬ್ಬಿಗೋ, ಸೀದಾ ತಿಪಟೂರಿಗೋ?" ಅಂದ. "ಗುಬ್ಬಿಗೇ ಕೊಡೋ" ಅಂದು ಕೈ ಚಾಚಿ ಸೊನ್ನೆ ಟಿಕೆಟ್ ಈಸಿಕೊಂಡೆ. ಗುಬ್ಬಿ ಬಂತು. ಕಂಬಿ ಬಿಟ್ಟೆ, ಇಳಿದೆ. ರೈಲ್ವೆ ಸ್ಟೇಷನ್ ಕಡೆಯ ಬೀದಿಗೆ ನಡೆದೆ. ಬಾಗಿಲು ತೆಗೆದಿತ್ತು. ಅವಳು ಮಿಷನ್ನಿನ ಮುಂದೆ ಕೂತಿದ್ದಳು, ಕೂದಲೆಲ್ಲ ಬೆಳ್ಳಗಾಗಿತ್ತು. ಕನ್ನಡಕ ಮೇಲೆ ಮಾಡಿ ನೋಡಿದಳು.

"ಮಿಷನ್ನಿಂದ ಬಂದಿದೀನಿ" ಅಂದೆ. ಹೊಸ್ತಿಲಿನ ಹೊರಗೆ ನಿಂತೇ ಬಾಬಿನ್ ಕೇಸು ಚಾಚಿದೆ.

ಅವಳು ಎದ್ದು ಬಂದು ಅದನ್ನು ತಗೊಂಡಳು. ನನ್ನ ಕಾಲು ನೋಡಿದಳು, ಹೊಸ್ತಿಲು ನೋಡಿದಳು. "ಇದನ್ನ ತುಳಿದ್ರೆ ಹೆಸರು ಬದಲಾಯಿಸ್ಬೇಕಲ್ಲಕ್ಕ. ಏನಂತ ಇಡ್ಲಿ?"

"ಅದನ್ನ ಆಮೇಲೆ ನೋಡಾನ. ಬ್ಲೌಸು ಬಿಗಿ ಆಯ್ತದೆ, ಮೊದ್ಲು ಅಳತೆ ತಗೋ" ಅಂದು, ಎರಡೂ ಕೈ ಮೇಲೆತ್ತಿಕೊಂಡು ಒಳಗೆ ಹೋದೆ.